ಪುನುಗಪ್ಪನ ಇಂಕಿನ ಚಂದಾ

ಒಂದು ಕಾಡಿನಲ್ಲಿ ನಾಲ್ಕು ನೀರಿನ ಹೊಂಡಗಳಿದ್ದವು. ಚಿರತೆ ಮಾತ್ರ ಒಂದೇ. ಬೇಸಿಗೆ ಬಂತೆಂದರೆ ಮಧ್ಯಾಹ್ನ ಎಲ್ಲರೂ ನೀರಿಗೆ ಇಳಿಯಲೇಬೇಕು. ಚಿರತೆ ಯಾವ ಹೊಂಡದ ಬಳಿ ಹೊಂಚುಹಾಕಿದೆ ಎಂದು ತಿಳಿಯದೆ ಇಳಿದರೆ ಕಥೆ ಮುಗಿದಂತೆ.

ಆ ಕಾಡಿನಲ್ಲಿ ಸಂಪಿ ಎಂಬ ಬರಿಂಕ ಇದ್ದಳು. ಬರಿಂಕ ಎಂದರೆ ಮೊಲದಷ್ಟೇ ಎತ್ತರದ ಪುಟ್ಟ ಜಿಂಕೆ. ಸಂಪಿಯ ಮೂಗು ಬಲು ಚುರುಕು. ದಿನಾ ಬೆಳಿಗ್ಗೆ ನಾಲ್ಕೂ ಹೊಂಡಗಳ ಗಾಳಿ ಮೂಸಿ ಬಂದು, "ಇವತ್ತು ಬಿದಿರು ಹೊಂಡಕ್ಕೆ ಹೋಗ್ರಪ್ಪಾ!" ಎಂದು ಕೂಗಿ ಹೇಳುತ್ತಿದ್ದಳು. ಕೇಳಿದವರು ಹೋಗಿ, ದಡದಲ್ಲಿ ನಿಂತು, ತಾವೂ ಒಮ್ಮೆ ಮೂಸಿ ನೋಡಿಯೇ ನೀರಿಗೆ ಬಾಯಿ ಹಾಕುತ್ತಿದ್ದರು. ಅದು ಅಲ್ಲಿನ ರೂಢಿ.

ಒಂದು ದಿನ ಪುನುಗು ಬೆಕ್ಕು ಸಂಪಿಯ ಪೊದೆಗೆ ಬಂದ. ಎಲ್ಲರೂ ಅವನನ್ನು ಪುನುಗಪ್ಪ ಎನ್ನುತ್ತಿದ್ದರು. ಅವನ ಬೆನ್ನ ಮೇಲೊಂದು ಪ್ರಿಂಟರ್ ಇತ್ತು, ಬಾಯಲ್ಲೊಂದು ಮೊಬೈಲ್ ಇತ್ತು. ಅವನ್ನು ಎಲ್ಲಿಂದ ತಂದನೋ ಯಾರೂ ಕೇಳಲಿಲ್ಲ. ಕಾಡಿನಲ್ಲಿ ಕರೆಂಟು ಎಲ್ಲಿತ್ತು ಎಂದು ನೀವೂ ಕೇಳಬೇಡಿ.

"ಕೂಗಿ ಕೂಗಿ ಗಂಟಲು ಯಾಕೆ ಹರ್ಕೋತೀಯ ತಂಗೀ? ಮೊಬೈಲಲ್ಲಿ ಬರಿ, ಇದರಲ್ಲಿ ಚೀಟಿ ಬರುತ್ತೆ. ಮರಕ್ಕೆ ಅಂಟಿಸು. ವೈರೂ ಬೇಡ, ಏನೂ ಬೇಡ."

"ಇಂಕು ಖಾಲಿಯಾದ್ರೆ, ಪುನುಗಣ್ಣ?"

"ಖಾಲಿಯಾಗೋ ಮೊದಲೇ ಮಷೀನು ನನಗೆ ಹೇಳುತ್ತೆ. ನಾನೇ ಡಬ್ಬಿ ತಂದುಕೊಡ್ತೀನಿ. ನೀನು ಚಂದಾದಾರಳು."

"ಚಂದಾ ಏನು ಕೊಡ್ಲಿ?"

"ಏನೂ ಬೇಡ. ಮಷೀನು ಯಾವತ್ತೂ ಆಫ್ ಮಾಡ್ಬೇಡ, ವೈಫೈ ಕೀಳ್ಬೇಡ. ಅದೇ ಚಂದಾ," ಎಂದು ಪುನುಗಪ್ಪ ಮೀಸೆಯಲ್ಲೇ ನಕ್ಕ. ಪುಕ್ಕಟೆ ಸಿಕ್ಕಿತಲ್ಲ ಎಂದು ಸಂಪಿ ಹಿಗ್ಗಿದಳು. ಪಾಪ, ಅವಳಿಗೇನು ಗೊತ್ತು!

ಮುದ್ದಾದ ಅಕ್ಷರದ ಚೀಟಿಗಳು ಮರಗಳ ಮೇಲೆ ಬಂದವು. ಅಚ್ಚಾಗಿ ಬಂದದ್ದು ತಪ್ಪಾದೀತೇ ಎಂದು ಎಲ್ಲರಿಗೂ ಅನ್ನಿಸಿತು. ದಡದಲ್ಲಿ ನಿಂತು ಮೂಸುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ಸಂಪಿಯ ತಂಗಿ ಕೇದಗಿಯಂತೂ ಚೀಟಿ ನೋಡಿ ಕಣ್ಣು ಮುಚ್ಚಿಕೊಂಡೇ ನೀರಿಗೆ ಓಡುತ್ತಿದ್ದಳು.

ಆಮೇಲೆ ಮಷೀನು ಕೈಕೊಡತೊಡಗಿತು. ಸಂಪಿ ಬೆಳಿಗ್ಗೆ ಬರೆದು ಕಳಿಸಿದ ಚೀಟಿ ಬಿಸಿಲೇರಿದರೂ ಹೊರಗೆ ಬಾರದು. ಪರದೆಯಲ್ಲಿ 'ಸಂಪರ್ಕವಿಲ್ಲ' ಎಂದು ಕಾಣುವುದು. ಸಂಪಿ ಮಷೀನಿನ ಹತ್ತಿರ ಹೋದಳು, ದೂರ ಹೋದಳು. ಹಾಳೆ ತೆಗೆದು ಮತ್ತೆ ಇಟ್ಟಳು. ಇಂಕಿನ ಡಬ್ಬಿ ಅಲ್ಲಾಡಿಸಿದಳು. ಒಳಗೆ ತುಂಬಿದ ಇಂಕು ಗುಳುಗುಳು ಎಂದಿತು. ಆದರೂ 'ಇಂಕಿಗೆ ಅನುಮತಿಯಿಲ್ಲ, ಕಾಯಿರಿ' ಎಂದೇ ಬರುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಯಾರೂ ಮುಟ್ಟದೆಯೇ ಮಷೀನು ಎಚ್ಚರಗೊಂಡು, ಗರಗರ ಸದ್ದು ಮಾಡಿ, ಚೀಟಿಯನ್ನು ಮೆಲ್ಲಗೆ ಹೊರಗೆ ಚಾಚುತ್ತಿತ್ತು. 

ಅದೇ ವಾರ ಮೊಲಜ್ಜಿ ನೀರಿಗೆ ಹೋದವಳು ಮರಳಿ ಬರಲಿಲ್ಲ. ಎರಡು ದಿನ ಬಿಟ್ಟು ಒಂದು ನವಿಲು ಬರಲಿಲ್ಲ. ಇಬ್ಬರೂ ಚೀಟಿಯಲ್ಲಿದ್ದ ಹೊಂಡಕ್ಕೇ ಹೋಗಿದ್ದರು.

"ಬೆಳಿಗ್ಗೆ ಅಲ್ಲಿ ಚಿರತೆಯ ಗಾಳಿಯೇ ಇರ್ಲಿಲ್ಲ. ನಾನೇ ಮೂಸಿದ್ದೆ," ಎಂದು ಸಂಪಿ ಅತ್ತಳು. ತನ್ನ ಮೂಗಿನ ಮೇಲೆಯೇ ಅವಳಿಗೆ ಅನುಮಾನ ಬಂತು.

ಮಷೀನಿನ ಸಹವಾಸವೇ ಬೇಡ ಎಂದು ಅವಳು ವೈಫೈ ತೆಗೆಯಲು ಗೊರಸು ಎತ್ತಿದಳು. ಆ ಕ್ಷಣವೇ ಮೊಬೈಲ್ ರಿಂಗಣಿಸಿತು.

"ವೈಫೈ ಕೀಳ್ತಿದ್ದೀಯಾ, ತಂಗೀ?" ಪುನುಗಪ್ಪನ ದನಿ ಬೆಣ್ಣೆಯಂತಿತ್ತು. "ಬೇಡ. ನಾನು ಇಲ್ಲಿಂದಲೇ ಸರಿಮಾಡ್ತೀನಿ. ನಿನ್ನ ತಂಗಿ ಕೇದಗಿ ಈಗ ಯಾವ ಹೊಂಡಕ್ಕೆ ಹೋಗ್ತಾಳೆ?"

 ಕೇದಗಿಯ ಹೆಸರನ್ನು ಸಂಪಿ ಅವನಿಗೆ ಯಾವತ್ತೂ ಹೇಳಿರಲಿಲ್ಲ.

"ಇವತ್ತು ಅವಳು ನೀರಿಗೆ ಹೋಗಲ್ಲ," ಎಂದು ಸುಳ್ಳು ಹೇಳಿ ಫೋನ್ ಇಟ್ಟಳು.  ಕೊನೆಗೆ ಧೈರ್ಯ ಮಾಡಿ, ಇದು ಒಳಗೊಳಗೆ ಏನು ಮಾಡುತ್ತಿದೆಯೋ ನೋಡೇಬಿಡೋಣ ಎಂದು ಮಷೀನಿನ ಹಿಂಬದಿಯ ಸಣ್ಣ ಗುಂಡಿಯನ್ನು ಗೊರಸಿನ ತುದಿಯಿಂದ ಒತ್ತಿ ಹಿಡಿದಳು. ಮಷೀನು ತನ್ನ ಬಗ್ಗೆ ತಾನೇ ಒಂದು ಹಾಳೆ ಅಚ್ಚುಹಾಕಿತು. ಅದರ ಕೊನೆಯಲ್ಲಿ ಹೀಗಿತ್ತು:

'ಚೀಟಿ ಮೊದಲು ಹೋಗುವ ಜಾಗ: ಹೆಬ್ಬಂಡೆ ಗುಹೆ. ಅಲ್ಲಿ ಓದಿದ ಮೇಲೆ: ಸಂಪಿಯ ಪೊದೆ.'

ಹೆಬ್ಬಂಡೆ ಗುಹೆಯಲ್ಲಿ ಯಾರಿದ್ದಾರೆಂದು ಆ ಕಾಡಿನ ಹಾಲುಕುಡಿಯುವ ಮರಿಗೂ ಗೊತ್ತು. ಚಿರತೆ ಅಲ್ಲಿ ಆರಾಮಾಗಿ ಕೂತು ಚೀಟಿ ಓದುತ್ತಿತ್ತು. ಅದು ಹೊಂಡ ತಲುಪಿ ಅಡಗಿ ಕೂರುವಷ್ಟು ಹೊತ್ತು ಸಂಪಿಯ ಮಷೀನು ಸತ್ತಂತೆ ಬಿದ್ದಿರುತ್ತಿತ್ತು. ಬೇಟೆಯ ಉಳಿಕೆ ಪುನುಗಪ್ಪನಿಗೆ.

 ಮೊಲಜ್ಜಿಯನ್ನು ಕೊಂದದ್ದು ತನ್ನದೇ ಚೀಟಿ ಎಂದು ಸಂಪಿಯ ಎದೆ ಹಿಂಡಿತು. ಮರುಗಳಿಗೆ ಅವಳಿಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಬೆಳಿಗ್ಗೆ ಅವಳು ಮನೆಮನೆಗೆ ಓಡಿ, "ಇವತ್ತು ಯಾರೂ ಹೊರಗೆ ಬರ್ಬೇಡಿ," ಎಂದು ಕಿವಿಯಲ್ಲಿ ಹೇಳಿ ಬಂದಳು. ಆಮೇಲೆ ಮೊಬೈಲಿನಲ್ಲಿ, 'ಇವತ್ತು ಹುಣಸೆ ಹೊಂಡ, ಎಲ್ಲರೂ ಬನ್ನಿ' ಎಂದು ಬರೆದು ಕಳಿಸಿದಳು. ಮಷೀನು ಎಂದಿನಂತೆ 'ಕಾಯಿರಿ' ಎಂದಿತು. ಸಂಪಿ ಕಾದಳು. ಬಿಸಿಲೇರಿದ ಮೇಲೆ ಚೀಟಿ ಹೊರಬಂತು. ಆಗ ಪುನುಗಪ್ಪನಿಗೆ ಫೋನ್ ಮಾಡಿದಳು.

"ಪುನುಗಣ್ಣ, ಡಬ್ಬಿ ಸೋರಿ ಮೈಯೆಲ್ಲ ಇಂಕಾಗಿದೆ. ತೊಳೆಯೋಕೆ ಹುಣಸೆ ಹೊಂಡಕ್ಕೆ ಹೋಗ್ತೀನಿ. ಹೊಸ ಡಬ್ಬಿ ಅಲ್ಲಿಗೇ ತಂದುಬಿಡಿ. ನಾಳೆ ಚೀಟಿ ನಿಲ್ಬಾರ್ದಲ್ಲ?"

ಚೀಟಿ ನಿಂತರೆ ಪುನುಗಪ್ಪನ ಊಟವೂ ನಿಂತಂತೆ. ಅವನು ಡಬ್ಬಿ ಕಚ್ಚಿಕೊಂಡು ಓಡಿದ. ಹುಣಸೆ ಹೊಂಡದ ಸುತ್ತ ಆಳೆತ್ತರದ ಹುಲ್ಲು. ಗಾಳಿ ಇರಲಿಲ್ಲ. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಎಲ್ಲೋ ಚಿರತೆ ಇದ್ದೀತು ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಆದರೆ ಚಿರತೆ ತನ್ನವನೇ ಅಲ್ಲವೇ!

"ನೋಡೋಕೆ, ಮೂಸೋಕೆ ನಿಲ್ಬೇಡ ಒಡೆಯಾ, ಹುಲ್ಲು ಅಲ್ಲಾಡಿದ ಕೂಡಲೇ ಹಾರು. ಚೀಟಿ ಸುಳ್ಳಾಗಲ್ಲ," ಎಂದು ಚಿರತೆಗೆ ಕಲಿಸಿದ್ದವನು ಅವನೇ.

ಹುಲ್ಲು ಅಲ್ಲಾಡಿತು. ಚಿರತೆ ಹಾರಿತು.

"ನಾನು, ಒಡೆಯಾ! ನಾನು ಪುನುಗ..." ಎನ್ನುವಷ್ಟರಲ್ಲಿ ಮಾತು ನಿಂತುಹೋಯಿತು. ಉರುಳಿದ ಡಬ್ಬಿಯಿಂದ ಇಂಕು ಹರಿದು ಹೊಂಡದ ಅಂಚೆಲ್ಲ ಕಪ್ಪಾಯಿತು.

ಸಂಪಿ ಮಷೀನನ್ನು ಹಳ್ಳಕ್ಕೆ ತಳ್ಳಿದಳು. ಮಾರನೆಯ ದಿನ ಮರಗಳ ಮೇಲೆ ಚೀಟಿ ಇರಲಿಲ್ಲ. ಪ್ರಾಣಿಗಳೆಲ್ಲ ಬಿದಿರು ಹೊಂಡದ ದಡದಲ್ಲಿ ಗುಂಪಾಗಿ ನಿಂತವು. ಮೂಗು ಎತ್ತಿದವು. ಯಾರಿಗೂ ಯಾವ ವಾಸನೆಯೂ ತಿಳಿಯಲಿಲ್ಲ, ಅಷ್ಟು ರೂಢಿ ತಪ್ಪಿಹೋಗಿತ್ತು.

"ಅಕ್ಕಾ, ಗಂಟಲು ಒಣಗ್ತಿದೆ. ನೀನೇ ಹೇಳಿಬಿಡೇ," ಎಂದಳು ಕೇದಗಿ.

"ಇಲ್ಲ ಕಣೇ. ನಾನು ಹೇಳಿದ್ದನ್ನ ನಂಬಿ ನಂಬಿ ಎಷ್ಟು ಜನ ಹೋದ್ರು! ನೀನು ಮೂಸು."

ಕೇದಗಿ ಕಣ್ಣು ತೆರೆದುಕೊಂಡೇ ಮೂಸಿದಳು. ನೀರು ಅಲುಗದೆ ಬಿದ್ದಿತ್ತು. ಬಹಳ ಹೊತ್ತಾಯಿತು. ಆಮೇಲೆ ಅವಳ ಮೂಗಿನ ತುದಿ ಸಣ್ಣಗೆ ಅದುರಿತು.

"ಅಕ್ಕಾ," ಎಂದು ಅವಳು ಪಿಸುಗುಟ್ಟಿದಳು, "ಬಿದಿರಿನ ಹಿಂದೆ ಯಾರೋ ಉಸಿರಾಡ್ತಿದ್ದಾರೆ."

ಎಲ್ಲರೂ ಸದ್ದಿಲ್ಲದೆ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಅವತ್ತು ಎಲ್ಲರೂ ಬಾಯಾರಿಕೊಂಡೇ ಮನೆಗೆ ಹೋದರು. ಆದರೆ ಒಬ್ಬರೂ ತಪ್ಪದೆ ಹೋದರು.

ನೀತಿ: ನಮ್ಮ ಎಚ್ಚರವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ನಿಶ್ಚಿಂತರಾಗಬಾರದು, ಪುಕ್ಕಟೆ ಅನುಕೂಲ ಕೊಡುವವನು ಬದಲಿಗೆ ಏನು ಪಡೆಯುತ್ತಿದ್ದಾನೆಂದು ಮೊದಲೇ ಕೇಳಬೇಕು.