ಎರಡು ಸಾವಿರದ ಐನೂರ ಇಪ್ಪತ್ತೊಂದನೆಯ ಎಲೆ

ವರದಾ ನದಿಯ ದಂಡೆಯಲ್ಲಿ ಚನ್ನವೀರಜ್ಜನ ಮಠ. ಶಿಷ್ಯರು ಎರಡು ಸಾವಿರದ ಐನೂರ ಇಪ್ಪತ್ತು. ಹೆಚ್ಚಾಯಿತೇ? ನನ್ನ ಕತೆಯಲ್ಲಿ ಇದಕ್ಕಿಂತ ಕಡಿಮೆ ಜನ ಉಣ್ಣಲು ಕೂರುವುದಿಲ್ಲ.

ಆ ಸಂಖ್ಯೆಯ ಗುಣ ಕೇಳಿ. ಎರಡೆರಡರ ಸಾಲು ಮಾಡಿ, ಮೂರು ಮೂರರ ಸಾಲು ಮಾಡಿ, ಹತ್ತರವರೆಗೆ ಹೇಗೆ ಕೂರಿಸಿದರೂ ಒಬ್ಬನೂ ಮಿಕ್ಕುವುದಿಲ್ಲ. ಇದಕ್ಕಿಂತ ಸಣ್ಣ ಸಂಖ್ಯೆಗೆ ಆ ಯೋಗ್ಯತೆಯಿಲ್ಲ. ಕಂಡುಹಿಡಿದವನು ನಾನೇ ಅನ್ನುತ್ತಿದ್ದೆ. ಅಜ್ಜನಿಗೆ ಮೊದಲೇ ಗೊತ್ತಿತ್ತಂತೆ, ಏನು ಮಾಡುವುದು!

ಪಂಕ್ತಿ ಕೂರಿಸುವ ಕೆಲಸ ಶಿಷ್ಯ ಕೊಟ್ರಯ್ಯನದು. ಮಠದ ಕಟ್ಟಳೆ ಒಂದೇ: ಯಾರಾದರೂ ಒಂಟಿಯಾಗಿ ಮಿಕ್ಕಿದ್ದರೆ ಉಳಿದವರು ತುತ್ತು ಎತ್ತುವಂತಿಲ್ಲ.

ಒಂದು ಮಧ್ಯಾಹ್ನ ಕೊಟ್ರಯ್ಯ ಹತ್ತು ಹತ್ತರ ಸಾಲು ಕೂರಿಸಿದ. ತನ್ನನ್ನೂ ಸೇರಿಸಿ ಎಣಿಸುವಷ್ಟು ಬುದ್ಧಿ ಅವನಿಗಿತ್ತು.

ಒಬ್ಬ ಮಿಕ್ಕ.

"ಏಳ್ರೋ, ಒಂಬತ್ತರ ಸಾಲು ಮಾಡ್ರಿ!"

ಆಗಲೂ ಒಬ್ಬ ಮಿಕ್ಕ. ಎಂಟು, ಏಳು, ಆರು ಎಂದು ಎರಡರವರೆಗೆ ಇಳಿದರೂ ಒಬ್ಬ ಮಿಕ್ಕ.

ಪ್ರತಿ ಸಲ ಬೇರೆ ಬೇರೆಯವನು. ಎಲ್ಲರೂ ಗುರುತಿನವರೇ. ಆದರೆ ಮಿಕ್ಕವನು ಯಾರೇ ಇರಲಿ, ನೀರಿನ ತಳದಿಂದ ಬಂದಂಥ ಅದೇ ಒಂದು ದನಿಯಲ್ಲಿ ಕೇಳುತ್ತಿದ್ದ:

"ನಾನು ಎಲ್ಲಿ ಕೂರಲಿ?"

ಸಾಲಿಗೆ ಸೇರಿದ ಮೇಲೆ ವಿಚಾರಿಸಿದರೆ, "ನಾ ಬಾಯೇ ಬಿಟ್ಟಿಲ್ಲಲ್ಲೋ" ಎನ್ನುತ್ತಿದ್ದ.

ಗೋಧಿ ಹುಗ್ಗಿ ಆರತೊಡಗಿತು. ಕೊಟ್ರಯ್ಯ ಅಜ್ಜನ ಬಳಿಗೆ ಓಡಿದ.

"ಅಜ್ಜಾರೇ, ಒಬ್ಬ ಹೆಚ್ಚಿಗಿ ಬಂದಾನ. ಯಾರಂತ ತಿಳೀವಲ್ದು. ಸಿಕ್ಕರ ರಟ್ಟಿ ಹಿಡಿದು ಹೊಳಿಗೆ ದೂಡತೀನಿ."

"ಅವ ಬಂದದ್ದೇ ಹೊಳಿಯಿಂದ ಆಗಿದ್ರ?"

ಕೊಟ್ರಯ್ಯ ಒಮ್ಮೆ ಹೊಳೆಯ ಕಡೆ ತಿರುಗಿ ನೋಡಿದ.

"ಮಂದಿ ಹಸಗೊಂಡು ಕುಂತಾರ. ನೀವೂ ಉಂಡಿಲ್ಲ. ಹೆಂಗ ಮಾಡ್ಲಿ?"

"ಹನ್ನೊಂದರ ಸಾಲು ಹಾಕಿದೇನು?"

"ಹನ್ನೊಂದಕ್ಕ ನಮ್ಮ ಲೆಕ್ಕ ಎಂದೂ ಕೂಡಿಲ್ಲ ಅಜ್ಜಾರೇ."

"ಹಾಕು."

ಇನ್ನೂರ ಇಪ್ಪತ್ತೊಂಬತ್ತು ಸಾಲು ತುಂಬಿದವು. ಎರಡು ಎಲೆ ಮಿಕ್ಕವು.

ಒಂದರ ಮುಂದೆ ಕೊಟ್ರಯ್ಯನೇ ಕೂತ. ಪಕ್ಕದ ಎಲೆಯ ಮುಂದೆ ಯಾರೂ ಇರಲಿಲ್ಲ. ನೆಲ ಮಾತ್ರ, ಒಬ್ಬ ಕೂರುವಷ್ಟು ಅಗಲಕ್ಕೆ, ಒದ್ದೆಯಾಗಿತ್ತು.

ಕೊಟ್ರಯ್ಯ ಮೆಲ್ಲಗೆ ಆಚೆ ಸರಿದ.

"ಅಜ್ಜಾರೇ... ಈಗ ಇಬ್ಬರು ಮಿಕ್ಕೀವಿ."

"ಒಂಟಿ ಯಾರೂ ಇಲ್ಲಲ್ಲ."

ಅಜ್ಜ ತಾವೇ ಹುಗ್ಗಿಯ ಪಾತ್ರೆ ಹೊತ್ತು ತಂದರು. ಆ ಎಲೆಗೆ ಮೊದಲು ಬಡಿಸಿದರು. ಬಗ್ಗಿದವರು ತಲೆಯೆತ್ತದೆ, ಮೆತ್ತಗೆ ಅಂದರು:

"ದೂರ ಸರೀಬ್ಯಾಡ ತಮ್ಮಾ. ಅವಗ ಥಂಡಿ ಹತ್ತೈತಿ."