ಗುರ್ರೆನ್ನದ ನಾಯಿ

"ಬುದ್ಧಿ, ಗೊಣಗುವವನ ಬಾಯಿ ಮುಚ್ಚಿಸುವುದು ಹೇಗೆ?"

ಕೇಳಿದವನು ಸೋಮಲಿಂಗ. ಮಠದ ಪಾಠಶಾಲೆಯ ಉಸ್ತುವಾರಿ ಅವನದು. ಅಲ್ಲಿ ನಲವತ್ತೊಂದು ಮಂದಿ ಕಲಿಯುತ್ತಿದ್ದರು. ನಲವತ್ತು ಮಂದಿ ಹೇಳಿದ್ದನ್ನು ಕೇಳಿ, ಬಡಿಸಿದ್ದನ್ನು ಉಂಡು, ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು. ಒಬ್ಬ ಮಾತ್ರ ಹಾಗಲ್ಲ. ಬೇಳೆ ಬೆಂದಿಲ್ಲ ಎನ್ನುತ್ತಿದ್ದ. ನೀವು ನಿನ್ನೆ ಹೇಳಿದ ಅರ್ಥಕ್ಕೂ ಇವತ್ತು ಹೇಳುವ ಅರ್ಥಕ್ಕೂ ತಾಳೆಯಾಗುವುದಿಲ್ಲ ಎಂದು ಎಲ್ಲರೆದುರಿಗೇ ಅಂದುಬಿಡುತ್ತಿದ್ದ. ಅವನನ್ನು ಊರಿಗೆ ಕಳಿಸಿಬಿಡಬೇಕೆಂದು ಸೋಮಲಿಂಗ ತೀರ್ಮಾನ ಮಾಡಿದ್ದ. ಹಿರಿಯ ಸ್ವಾಮಿಗಳ ಒಪ್ಪಿಗೆಯೊಂದು ಬಾಕಿಯಿತ್ತು.

ಸ್ವಾಮಿಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಕೂತುಕೋ. ಒಬ್ಬ ಬೆಲ್ಲದ ವ್ಯಾಪಾರಿಯ ಕತೆ ಹೇಳುತ್ತೇನೆ. ಅವನೂ ನಿನ್ನ ಹಾಗೇ ಒಳ್ಳೆಯವನು," ಎಂದು ಶುರುಮಾಡಿದರು.

ಬೆಟ್ಟದ ದೇವರಿಗೆ ಜನ ಕಾಲ್ನಡಿಗೆಯಲ್ಲಿ ಹೋಗುವ ದಾರಿ. ಆ ದಾರಿಯ ಪಕ್ಕದಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಮನೆ. ಅವನದೊಂದು ನೇಮವಿತ್ತು. ಹಸಿದು ಬಂದವರಿಗೆ ಆ ಮನೆಯಲ್ಲಿ ಇಲ್ಲ ಎನ್ನುವ ಮಾತಿಲ್ಲ. ಅಪ್ಪ ನಡೆಸಿಕೊಂಡು ಬಂದದ್ದನ್ನು ಮಗ ನಡೆಸುತ್ತಿದ್ದ. ಹಗಲು ಹೊತ್ತು ಬಾಗಿಲು ಹಾಕಿದವರೇ ಅಲ್ಲ. ದಿನಕ್ಕೆ ಹತ್ತು ಮಂದಿಯಾದರೂ ಅವನ ಜಗಲಿಯ ಮೇಲೆ ಎಲೆ ಹಾಕಿಸಿಕೊಂಡು ಉಣ್ಣುತ್ತಿದ್ದರು.

ಅವನಿಗೊಂದು ನಾಯಿ. ಮೈ ಬೂದಿ ಬಣ್ಣ, ಅದಕ್ಕೇ ಬೂದ ಎಂದು ಹೆಸರು. ಮರಿಯಾಗಿದ್ದಾಗ ಬೆಲ್ಲದ ಗಾಡಿಯ ಹಿಂದೆ ಓಡಿ ಬಂದದ್ದು, ಆ ಮನೆಯದೇ ಆಗಿ ಉಳಿಯಿತು. ವ್ಯಾಪಾರಿಗೆ ಅದರ ಮೇಲೆ ಪ್ರಾಣ. ತಾನು ಉಣ್ಣುವ ಮುದ್ದೆಯಲ್ಲಿ ಒಂದು ಪಾಲನ್ನು ಮಜ್ಜಿಗೆಯಲ್ಲಿ ಕಿವುಚಿ ಕೈಯಾರೆ ಇಡುತ್ತಿದ್ದ. ನಾಯಿಯಲ್ಲಿ ಇದ್ದದ್ದು ಒಂದೇ ದೋಷ. ದೋಷ ಎಂದವನು ಅವನು, ನಾನಲ್ಲ. ಗುರುತಿಲ್ಲದವರು ಜಗಲಿ ಹತ್ತಿದರೆ, ಮಲಗಿದ್ದಾಗ ಯಾರಾದರೂ ಮೈ ಮುಟ್ಟಿದರೆ, ಗುರ್ ಎನ್ನುತ್ತಿತ್ತು. ಮೇಲೆ ಎಗರುತ್ತಿರಲಿಲ್ಲ, ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ. ಗುರ್ ಎಂದು ಮುಖ ತಿರುಗಿಸಿಕೊಳ್ಳುತ್ತಿತ್ತು, ಅಷ್ಟೇ.

ಒಂದು ದಿನ ವಯಸ್ಸಾದ ಯಾತ್ರಿಕನೊಬ್ಬ ಆ ಸದ್ದಿಗೆ ಬೆದರಿದ. ಎಲೆಯ ಮುಂದೆ ಕೂತವನು ಎದ್ದ. ಎಷ್ಟು ಬೇಡಿಕೊಂಡರೂ ಕೇಳದೆ ಮೆಟ್ಟಿಲಿಳಿದು ಹಸಿದ ಹೊಟ್ಟೆಯಲ್ಲೇ ಹೊರಟುಹೋದ. ವ್ಯಾಪಾರಿಗೆ ನೆತ್ತಿಯ ಮೇಲೆ ಸಿಡಿಲು ಬಿದ್ದ ಹಾಗಾಯಿತು. ತಾನು ಇಲ್ಲ ಎನ್ನದಿದ್ದರೇನು ಬಂತು, ತನ್ನ ನಾಯಿ ಅಂದುಬಿಟ್ಟಿತಲ್ಲ! ಅಪ್ಪನ ಕಾಲದಿಂದ ಮುರಿಯದ ನೇಮ ಒಂದು ನಾಯಿಯ ಬಾಯಿಂದ ಮುರಿಯಿತಲ್ಲ! ಆ ದಿನ ಅವನಿಗೂ ಅನ್ನ ಇಳಿಯಲಿಲ್ಲ.

ಮಾರನೆಯ ದಿನದಿಂದ ನಾಯಿಗೆ ನಡತೆ ಕಲಿಸಲು ಕೂತ. ಬಾಗಿಲ ಹಿಂದೆ ಒಂದು ಬೆತ್ತ ಸಿಕ್ಕಿಸಿದ. ಗುರ್ ಎಂದರೆ ಮೂತಿಯ ಮೇಲೆ ಏಟು. ಸುಮ್ಮನಿದ್ದರೆ ಬೆಲ್ಲದ ಚೂರು. ನೋಡು ಸೋಮಲಿಂಗ, ಅವನೇನೂ ಕಟುಕನಲ್ಲ. ಹೊಡೆದ ದಿನ ಬೂದನಿಗೆ ಮುದ್ದೆಯ ಪಾಲು ದೊಡ್ಡದಾಗುತ್ತಿತ್ತು. ಎರಡು ತಿಂಗಳಲ್ಲಿ ಬೂದ ಕಲಿಯಿತು. ಯಾರು ಬರಲಿ, ಯಾರು ಹೋಗಲಿ, ಮೈಮೇಲೆ ಕಾಲಿಡಲಿ, ಚಕಾರವೆತ್ತದೆ ಬಿದ್ದುಕೊಂಡಿರುತ್ತಿತ್ತು.

ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. "ಯಜಮಾನರೇ, ನಿಮ್ಮ ಮನೆಯ ನಾಯಿಗೂ ಸಂಸ್ಕಾರ ಬಂದಿದೆ!" ಎಂದರು. ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ. ಊಟ ಮುಗಿಸಿದವರು ಕೈ ತೊಳೆದು ಬಂದು ನಾಯಿಯ ತಲೆ ಸವರುವುದು, ಮಕ್ಕಳು ಬಾಲ ಹಿಡಿದು ಎಳೆಯುವುದು ಒಂದು ವಾಡಿಕೆಯೇ ಆಯಿತು.

ಮನೆಯಲ್ಲಿ ಒಬ್ಬಳಿಗೆ ಮಾತ್ರ ಇದು ಸರಿಬರಲಿಲ್ಲ. ವ್ಯಾಪಾರಿಯ ತಾಯಿ. ಕೂತಲ್ಲೇ ಕೂತಿರುತ್ತಿದ್ದ ಮುದುಕಿ, ಅವಳ ಕಣ್ಣಿಗೆ ನಾಯಿಯೇ ಬೀಳುತ್ತಿತ್ತು. ಅವಳು ಒಂದು ದಿನ ಮಗನನ್ನು ಕರೆದಳು.

"ಯಾರಾದರೂ ಮುಟ್ಟಿದರೆ ಇದು ಆಕಳಿಸುತ್ತದೆ ಕಣಪ್ಪ. ನಿದ್ದೆ ಬಂದು ಆಕಳಿಸುವುದಲ್ಲ ಅದು. ತುಟಿ ನೆಕ್ಕಿಕೊಳ್ಳುತ್ತದೆ, ಮುಖ ಗೋಡೆಗೆ ತಿರುಗಿಸುತ್ತದೆ. ಮೂರು ದಿನದಿಂದ ಮುದ್ದೆ ಅರ್ಧಕ್ಕೆ ಬಿಟ್ಟಿದೆ. ಅದಕ್ಕೇನೋ ಆಗುತ್ತಿದೆ, ನೋಡಬಾರದೇ?"

"ಏನೂ ಆಗಿಲ್ಲ ಅವ್ವ. ಆಗಿದ್ದರೆ ಗುರ್ ಅನ್ನುತ್ತಿರಲಿಲ್ಲವೇ?" ಎಂದು ವ್ಯಾಪಾರಿ ನಕ್ಕ.

ಅಯ್ಯೋ ಶಿವನೇ! ನಾಲಿಗೆ ಕಿತ್ತವನೇ, ಕರೆದರೆ ಓ ಎನ್ನಲಿಲ್ಲವಲ್ಲ ಎಂದ ಹಾಗಾಯಿತು. ಆದರೆ ಆಗ ಅವನಿಗೆ ಹಾಗೆ ಕೇಳಿಸಲಿಲ್ಲ. ತಾನು ಆಡಿದ್ದು ಸರಿಯಾದ ಮಾತೆಂದೇ ನಂಬಿ ಅಂಗಡಿಯ ಗದ್ದಿಗೆಗೆ ಹೋಗಿ ಕೂತ.

ವ್ಯಾಪಾರಿಗೆ ನಾಲ್ಕು ವರ್ಷದ ಮಗಳೊಬ್ಬಳಿದ್ದಳು, ನೀಲಿ. ಬೂದ ಅವಳ ತಲೆದಿಂಬು, ಅವಳ ಕುದುರೆ, ಅವಳ ಜೊತೆಗಾರ. ಮುದುಕಿ ಹೇಳಿದ ಎರಡನೆಯ ದಿನ ನೀಲಿ ಜಗಲಿಯ ಮೇಲೆ ಅದರ ಕೊರಳು ತಬ್ಬಿಕೊಂಡು, ಎಡಗಿವಿ ಹಿಡಿದು ಎಳೆದಳು. ನಾಯಿ ಸದ್ದು ಮಾಡಲಿಲ್ಲ. ಹಲ್ಲು ಕಿರಿಯಲಿಲ್ಲ. ತಿರುಗಿ ಕೆನ್ನೆಗೆ ಬಾಯಿ ಹಾಕಿತು.

ಕೂಸಿನ ಚೀರಾಟ ಕೇಳಿ ವ್ಯಾಪಾರಿ ಓಡಿ ಬಂದ. ಕೆನ್ನೆಯ ತುಂಬ ರಕ್ತ. ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಕಣ್ಣಿನಿಂದ ಎರಡು ಬೆರಳು ಕೆಳಗೆ ಐದು ಹೊಲಿಗೆ ಬಿದ್ದವು. ಚುಚ್ಚುಮದ್ದು ಕೊಟ್ಟರು. ನಾಯಿಯನ್ನು ಹತ್ತು ದಿನ ಕಟ್ಟಿ ನೋಡಿ ಎಂದು ಡಾಕ್ಟರು ಹೇಳಿದರು. ಆದರೆ ಊರಿನವರಿಗೆ ಹತ್ತು ಗಳಿಗೆಯ ತಾಳ್ಮೆಯೂ ಇರಲಿಲ್ಲ. ಜಗಲಿಯ ಮುಂದೆ ದೊಣ್ಣೆ ಹಿಡಿದು ನಿಂತಿದ್ದರು. ಗುರ್ ಅಂದು ಕಚ್ಚುವ ನಾಯಿಯಾದರೆ ಹುಷಾರಾಗಿ ಇರಬಹುದು, ಹೇಳದೆ ಕೇಳದೆ ಕಚ್ಚುವುದನ್ನು ಯಾರು ನಂಬುತ್ತಾರೆ ಎಂದರು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಹೇಳುತ್ತೇವೆ. ಆ ಗಾದೆಯನ್ನು ಮಗ್ಗುಲು ಹೊರಳಿಸಿ ನೋಡಿದವರು ಆ ಊರಿನಲ್ಲಿ ಒಬ್ಬರೂ ಇರಲಿಲ್ಲ.

ವ್ಯಾಪಾರಿಗೂ ಸಿಟ್ಟು ನೆತ್ತಿಗೇರಿತ್ತು. ಮಜ್ಜಿಗೆ ಮುದ್ದೆ ಇಟ್ಟ ಕೈಗೆ ಇದೇನಾ ಪ್ರತಿಫಲ? ಆದರೆ ತನ್ನ ಕಣ್ಣೆದುರು ಅದನ್ನು ಹೊಡೆದು ಕೊಲ್ಲುವುದನ್ನು ನೋಡಲಾರ. ಕೊರಳಿಗೆ ಹಗ್ಗ ಹಾಕಿ ಕೆರೆಯ ಅಂಗಳಕ್ಕೆ ಎಳೆದುಕೊಂಡು ಹೋದ. ಅಲ್ಲಿ ಒಬ್ಬ ಮುದುಕ ಕುರಿಗಾಹಿ ಮಂದೆ ಇಳಿಸಿದ್ದ. ನಾಯಿ ದಾರಿಯುದ್ದಕ್ಕೂ ತಲೆ ಒಂದು ಕಡೆಗೆ ವಾಲಿಸಿಕೊಂಡೇ ನಡೆಯಿತು. ಎಳೆದವನು ತಿರುಗಿ ನೋಡಲಿಲ್ಲ.

"ಇದನ್ನು ಮುಗಿಸಿಬಿಡು. ನನ್ನ ಮಗಳನ್ನು ಕಚ್ಚಿತು. ಒಂದು ಸದ್ದಿಲ್ಲ, ಒಂದು ಸುಳಿವಿಲ್ಲ," ಎಂದ ವ್ಯಾಪಾರಿ.

ಕುರಿಗಾಹಿ ನಾಯಿಯ ವಾಲಿದ ತಲೆಯನ್ನು ನೋಡಿದ. ಹತ್ತಿರ ಹೋಗಲಿಲ್ಲ. ಮಗ್ಗುಲಾಗಿ ದೂರ ಕೂತು, ಬೇರೆ ಕಡೆ ನೋಡುತ್ತಾ, ಬಹಳ ಹೊತ್ತು ಸುಮ್ಮನಿದ್ದ. ನಾಯಿ ತಾನೇ ಬಂದು ಅವನ ಕೈ ಮೂಸಿತು. ಆಮೇಲೆ ಅದರ ಮೂತಿಗೆ ಮೆತ್ತಗೆ ಬಟ್ಟೆ ಸುತ್ತಿ, ಎಡಗಿವಿಯನ್ನು ಮಡಿಸಿ ನೋಡಿದ. ಒಳಗೆ ಹುಲ್ಲಿನ ತೆನೆಯ ಮುಳ್ಳೊಂದು ಹೊಕ್ಕು, ಸುತ್ತ ಕೀವು ಕಟ್ಟಿತ್ತು. ಹೊಲಕ್ಕೆ ಹೋದಾಗ ಯಾವಾಗಲೋ ಸಿಕ್ಕಿಕೊಂಡದ್ದು. ಮುಳ್ಳು ತೆಗೆಯುವಾಗ ನಾಯಿಯ ಮೈಯೆಲ್ಲ ನಡುಗಿತು. ಸದ್ದು ಮಾತ್ರ ಹೊರಡಲಿಲ್ಲ.

ಮುದುಕ ಆ ಮುಳ್ಳನ್ನು ವ್ಯಾಪಾರಿಯ ಅಂಗೈಯಲ್ಲಿ ಇಟ್ಟ.

"ಎಂಟು ಹತ್ತು ದಿನದ ನೋವು ಯಜಮಾನ್ರೇ ಇದು. ಇಷ್ಟು ನೋವಿದ್ದರೂ ಬಾಯಿ ಬಿಡದ ನಾಯಿಯನ್ನು ನಾನು ನೋಡಿಲ್ಲ. ಇದಕ್ಕೆ ಗುರ್ ಅನ್ನುವುದನ್ನು ಬಿಡಿಸಿದವರು ಯಾರು?"

ವ್ಯಾಪಾರಿ ಅಂಗೈಯ ಮುಳ್ಳನ್ನೇ ನೋಡಿದ. ಅವ್ವ ಹೇಳಿದ್ದು ಈಗ ಕೇಳಿಸಿತು. ಹೊಡೆದ ಏಟುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಮಗಳ ಕೆನ್ನೆಗೆ ಗಾಯ ಮಾಡಿದವನು ತಾನೇ ಎಂದು ಹೊಳೆಯಿತು. ಕೆರೆಯ ಒಣಮಣ್ಣಿನ ಮೇಲೆ ಕುಸಿದು ಕೂತು ಅತ್ತ.

ಕುರಿಗಾಹಿ ಅವನನ್ನು ಅಳಲು ಬಿಟ್ಟ. ಆಮೇಲೆ ಹೇಳಿದ: "ಹತ್ತು ದಿನ ಇದು ನನ್ನ ಹತ್ತಿರವೇ ಕಟ್ಟಿರಲಿ. ಕಿವಿಯೂ ಮಾಯಲಿ, ಊರಿನ ಸಿಟ್ಟೂ ಇಳಿಯಲಿ. ಆಮೇಲೆ ಕರೆದುಕೊಂಡು ಹೋಗಿ ಯಾರೂ ಸುಳಿಯದ ಒಂದು ಮೂಲೆ ಕೊಡಿ. ಅದು ಎದ್ದು ಹೋದರೆ ಹೋಗಲಿ, ಹಿಂದೆ ಹೋಗಬೇಡಿ. ಕೂಸನ್ನು ಅದರ ಜೊತೆ ಒಂಟಿಯಾಗಿ ಬಿಡಲೇಬೇಡಿ. ನನ್ನ ನಾಯಿ ಗುರ್ ಅಂದರೆ ನಾನು ಮೊದಲು ಎದ್ದು ಏನೆಂದು ನೋಡುತ್ತೇನೆ. ಸುಮ್ಮನಿರು ಅನ್ನುವುದು ಆಮೇಲೆ."

ಹತ್ತು ದಿನ ಕಳೆದು ಬೂದ ಮನೆಗೆ ಬಂತು. ಊರಿನವರು ಮೂಗು ಮುರಿದರು. ವ್ಯಾಪಾರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆತ್ತ ಮುರಿದು ಒಲೆಗೆ ಹಾಕಿದ. ಹಿತ್ತಲ ಕಡೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ, ಕೂಸು ದಾಟದ ಹಾಗೆ ಹಲಗೆ ಅಡ್ಡ ನಿಲ್ಲಿಸಿದ. ಮೊದಲ ವಾರವೇ ಒಬ್ಬ ಅತಿಥಿ ಉಂಡು ಎದ್ದು, ಸಂಸ್ಕಾರದ ನಾಯಿಯ ತಲೆ ಸವರಿ ಹೋಗುತ್ತೇನೆಂದು ಹಲಗೆಯ ಕಡೆ ನಡೆದ. ವ್ಯಾಪಾರಿ ಅಡ್ಡ ನಿಂತ. "ಇಲ್ಲ ಸ್ವಾಮಿ, ಅದನ್ನು ಮುಟ್ಟಬೇಡಿ," ಎಂದ. ಹುಟ್ಟಿದಾಗಿನಿಂದ ಅತಿಥಿಗೆ ಇಲ್ಲ ಎನ್ನದವನು. ಅತಿಥಿ ಮುಖ ಗಂಟಿಕ್ಕಿಕೊಂಡು ಹೋದ. ಹೋಗಲಿ ಎಂದುಕೊಂಡ ವ್ಯಾಪಾರಿ.

ತಿಂಗಳು ಕಳೆಯಿತು, ಎರಡು ಕಳೆಯಿತು, ಐದು ಕಳೆಯಿತು. ದಿನವೂ ಅವನು ಹಲಗೆಯ ಈಚೆ ಕೂತು, ನಾಯಿಯನ್ನು ಕರೆಯದೆ, ಕೈ ಚಾಚದೆ, ಬೆಲ್ಲದ ಪಿಂಡಿ ಕಟ್ಟುವ ಕೆಲಸ ಮಾಡಿಕೊಳ್ಳುತ್ತಿದ್ದ. ಮೊದಮೊದಲು ಬೂದ ಗೋಡೆಗೆ ಮುಖ ಮಾಡಿ ಮಲಗುತ್ತಿತ್ತು. ಆಮೇಲೆ ಅವನ ಕಡೆ ಮುಖ ಮಾಡಿ ಮಲಗಿತು. ಆಮೇಲೆ ಹಲಗೆ ದಾಟಿ ಬಂದು ಅವನ ತೊಡೆಗೆ ಬೆನ್ನು ತಾಗಿಸಿ ಮಲಗಿತು. ಮುದ್ದೆ ಪೂರ್ತಿ ತಿನ್ನತೊಡಗಿತು. ಸದ್ದು ಮಾತ್ರ ಇರಲಿಲ್ಲ. ಇನ್ನು ಇದು ಜನ್ಮದಲ್ಲಿ ಬಾಯಿ ಬಿಡುವುದಿಲ್ಲ ಎಂದು ಅವನು ಆಸೆ ಬಿಟ್ಟಿದ್ದ.

ಒಂದು ಮಧ್ಯಾಹ್ನ ಎಡಗಿವಿಗೆ ಬೇವಿನೆಣ್ಣೆ ಹಚ್ಚುತ್ತಿದ್ದಾಗ ಅವನ ಬೆರಳು ಹಳೆಯ ಗಾಯಕ್ಕೆ ಒತ್ತಿತು. ನಾಯಿಯ ಗಂಟಲಿನಿಂದ ಗುರ್ ಎಂದು ಒಂದು ಸಣ್ಣ ಸದ್ದು ಬಂತು. ಬಂದ ಕೂಡಲೇ ನಾಯಿ ಕಣ್ಣು ಮುಚ್ಚಿ, ಮೈ ಮುದುಡಿಕೊಂಡು, ಏಟಿಗೆ ಕಾಯುತ್ತಾ ಬಿದ್ದುಕೊಂಡಿತು.

ವ್ಯಾಪಾರಿ ಕೈ ಹಿಂದಕ್ಕೆ ತೆಗೆದ. ಎರಡು ಮಾರು ಹಿಂದೆ ಸರಿದು ಕೂತ. "ಆಯಿತಪ್ಪಾ, ಆಯಿತು. ತಪ್ಪು ನನ್ನದೇ," ಎಂದ. ನಾಯಿ ಒಂದು ಕಣ್ಣು ತೆರೆದು ನೋಡಿತು. ಅವನು ಎರಡೂ ಕೈ ಮುಗಿದುಕೊಂಡು ಅಳುತ್ತಿದ್ದ, ಸಂತೋಷಕ್ಕೆ.

ಸ್ವಾಮಿಗಳು ಕತೆ ನಿಲ್ಲಿಸಿದರು. ಸೋಮಲಿಂಗ ತಲೆ ತಗ್ಗಿಸಿ ಎದ್ದು ನಿಂತ.

"ಅಪ್ಪಣೆ, ಬುದ್ಧಿ. ಅವನನ್ನು ಊರಿಗೆ ಕಳಿಸುವುದಿಲ್ಲ. ತಾವು ಹೇಳಿದಂತೆಯೇ ಆಗಲಿ," ಎಂದ.

ಸ್ವಾಮಿಗಳು ಅವನ ಮುಖವನ್ನೇ ನೋಡುತ್ತಾ ಕೇಳಿದರು:

"ನೀನು ಬಂದು ಹನ್ನೆರಡು ವರ್ಷವಾಯಿತು, ಒಂದು ದಿನವಾದರೂ ನನಗೆ ಎದುರಾಡಲಿಲ್ಲ, ನಾನು ನಿನಗೆ ಯಾವಾಗ ಹೊಡೆದೆ, ಮಗನೇ?"