ಕೋತಿಯೂ ಬಿದಿರಿನ ಕೊಳವೆಯೂ

ಚಿರತೆಯ ಬಾಯಿಂದ ತಪ್ಪಿಸಿಕೊಂಡ ಕೋತಿಯೊಂದು ಕೆರೆಗೆ ಹಾರಿ, ಉದ್ದನೆಯ ಬಿದಿರಿನ ಕೊಳವೆಯನ್ನು ಬಾಯಿಗಿಟ್ಟುಕೊಂಡು ನೀರಿನಡಿ ಕುಳಿತಿತು. ಕೊಳವೆಯ ತುದಿ ಮಾತ್ರ ನೀರಿನ ಮೇಲಿತ್ತು. ದಡದಲ್ಲಿ ಚಿರತೆ ಕಾಯುತ್ತ ನಿಂತಿತು. ಹೆದರಿದ ಕೋತಿ ಪುಟ್ಟ ಪುಟ್ಟ ಉಸಿರನ್ನು ಸರಸರನೆ ಎಳೆಯತೊಡಗಿತು. ಆದರೂ ಅದಕ್ಕೆ ಕಣ್ಣು ಕತ್ತಲಿಟ್ಟಿತು.

"ಎಲವೋ ಕೊಳವೆ, ನನ್ನ ಗಾಳಿಯನ್ನು ಕದಿಯುತ್ತೀಯಾ? ಇಷ್ಟು ಸಲ ಎಳೆದರೂ ಎದೆ ಬರಿದು!" ಎಂದು ಕೋತಿ ಕೊಳವೆಯೊಳಗೇ ಗೊಣಗಿತು.

"ಕದಿಯುತ್ತಿಲ್ಲ. ನೀನು ಬಿಟ್ಟ ಕೆಟ್ಟ ಗಾಳಿ ನನ್ನ ಹೊಟ್ಟೆಯಲ್ಲಿ ಉಳಿಯುತ್ತದೆ. ಮರುಸಲ ಎಳೆದಾಗ ಮೊದಲು ಬರುವುದು ಅದೇ. ಅದನ್ನು ಕಳೆದು ಮಿಕ್ಕಿದ್ದಷ್ಟೇ ಹೊಸ ಗಾಳಿ. ನಿನ್ನ ಪುಟ್ಟ ಉಸಿರಿನ ಗುಟುಕಿನಲ್ಲಿ ಮಿಗುವುದೇನು? ನಿಧಾನವಾಗಿ, ಉದ್ದಕ್ಕೆ ಎಳೆ."

"ಪ್ರಾಣ ಹೋಗುವಾಗ ನಿಧಾನವೇ? ಜೀವವಿಲ್ಲದ ನಿನಗೆ ಉಪದೇಶ ಸುಲಭ. ಇನ್ನೂ ಬೇಗ ಎಳೆದರೆ ಸರಿಹೋಗುತ್ತದೆ!"

"ಸೊನ್ನೆಯನ್ನು ಎಷ್ಟು ಸಲ ಕೂಡಿದರೂ ಸೊನ್ನೆಯೇ, ಮಹಾರಾಯ. ಅಗೋ, ಚಿರತೆಗೆ ಬೇಸರ ಬಂತು, ಬೆನ್ನು ತಿರುಗಿಸಿತು. ಒಂದೇ ಒಂದು ದೀರ್ಘ ಉಸಿರು ಎಳೆದುಕೋ, ಉಳಿಯುತ್ತೀಯೆ."

ಕೋತಿ ಕೇಳಲಿಲ್ಲ. ಮೊದಲಿಗಿಂತ ಬೇಗ ಬೇಗ ಎಳೆಯಿತು. ತಲೆ ಗಿರ್ರೆಂದಿತು, ಎದೆ ಬಿಗಿಯಿತು. ಇನ್ನು ತಡೆಯಲಾರದೆ ಅದು ಕೊಳವೆಯನ್ನು ಕಿತ್ತೆಸೆದು, ಬಾಯಿ ತೆರೆದುಕೊಂಡು ದಡಬಡನೆ ನೀರಿನಿಂದ ಮೇಲೆದ್ದಿತು.

ಪೊದೆಯ ಹತ್ತಿರ ಹೋಗಿದ್ದ ಚಿರತೆ ಹಿಂತಿರುಗಿ ನೋಡಿತು.

"ನಾನು ಹೊರಟೇಬಿಟ್ಟಿದ್ದೆ," ಎಂದಿತು. "ನೀನೇ ಕರೆದೆಯಲ್ಲ!"